ಕೆಮ್ಮು ಡಾಕ್ಟ್ರಮ್ಮ

ನಮ್ಮ ಮನೆಯಲ್ಲಿ ಪದವಿ ಪಡೆಯುವವರು ಹುಟ್ಟುವುದೇ ಇಲ್ಲ ಎಂದು ಹೇಳಿದವರು ನಮ್ಮ ದೊಡ್ಡಪ್ಪ. ನಾನು ಬಿಎಸ್ಸಿ ನರ್ಸಿಂಗ್ ಸೇರುತ್ತೇನೆ ಎಂದ ದಿನ ಅವರು ಕೋಣನಕುಂಟೆಯ ನಮ್ಮ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಕಾಲಿಗೆ ಮೆತ್ತಿದ್ದ ಸಿಮೆಂಟನ್ನು ಕೆರೆದು ತೆಗೆಯುತ್ತಿದ್ದರು. ತಲೆಯೆತ್ತದೆ ಹೇಳಿದರು: "ನಮ್ಮನೇಲಿ ಡಿಗ್ರಿ ಅಂದ್ರೆ ಜ್ವರದ ಕಡ್ಡೀಲಿ ಬರೋದೊಂದೇ ಕಣಮ್ಮಿ. ಇನ್ಯಾವ ಡಿಗ್ರೀನೂ ಬರಾಕಿಲ್ಲ."

ಅಪ್ಪ ತೀರಿಕೊಂಡ ಮೇಲೆ ಅವ್ವನನ್ನೂ ನನ್ನನ್ನೂ ನೋಡಿಕೊಂಡವರು ಅವರೇ. ಸೆಂಟ್ರಿಂಗ್ ಕೆಲಸದ ಮೇಸ್ತ್ರಿ. ಜೆ.ಪಿ. ನಗರದ ಅರ್ಧ ತಾರಸಿಗಳಿಗೆ ಹಲಗೆ ಹೊಡೆದವನು ನಾನೇ ಎಂದು ಹೇಳಿಕೊಳ್ಳುತ್ತಿದ್ದರು. ಆಗಲ್ಲ ಎಂದವರೇ ಕಾಲೇಜು ಶುರುವಾದ ದಿನದಿಂದ ನನ್ನನ್ನು ಮೊಪೆಡ್ ಹಿಂದೆ ಕೂರಿಸಿಕೊಂಡು ಬಿಟ್ಟುಬರುತ್ತಿದ್ದರು. ಇದೇನು ದೊಡ್ಡಪ್ಪ ಎಂದರೆ, "ಆಗಲ್ಲ ಅಂದೆ. ಹೋಗಬ್ಯಾಡ ಅಂದ್ನಾ?" ಅನ್ನುತ್ತಿದ್ದರು.

ಆದರೆ ನಾನೀಗ ಬರೆಯಲು ಕೂತಿರುವುದು ದೊಡ್ಡಪ್ಪನ ಬಗ್ಗೆ ಅಲ್ಲ, ಕಳೆದ ತಿಂಗಳು ಬನಶಂಕರಿಯ ತಮ್ಮ ಮನೆಯಲ್ಲಿ ತೀರಿಕೊಂಡ ಒಬ್ಬ ಡಾಕ್ಟರ ಬಗ್ಗೆ. ದೊಡ್ಡಪ್ಪನ ಮಾತು ಸುಳ್ಳಾಗುವುದರಲ್ಲಿ ಅವರ ಕೈಯೂ ಇತ್ತು. ಅದೂ ದೊಡ್ಡಪ್ಪನ ಹೊಟ್ಟೆಯ ಮೇಲೇ ಇಟ್ಟ ಕೈ. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅವರಿಗೆ ಯಾರ ಹೆಸರೂ ನೆನಪಿರುತ್ತಿರಲಿಲ್ಲ. ವರ್ಷಗಟ್ಟಲೆ ಜೊತೆಗಿದ್ದ ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ. ಆ ಸೇಡನ್ನು ಹೀಗಾದರೂ ತೀರಿಸಿಕೊಳ್ಳುತ್ತೇನೆ.

ಜಯನಗರದ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯಲ್ಲಿ ಅವರು ಆಪರೇಷನ್ನಿಗೆ ಅರಿವಳಿಕೆ ಕೊಡುವ ಡಾಕ್ಟರಾಗಿದ್ದರು. ನಮ್ಮ ಕಾಲೇಜಿನ ಹುಡುಗಿಯರನ್ನು ತರಬೇತಿಗೆ ಕಳಿಸುತ್ತಿದ್ದುದು ಆ ಆಸ್ಪತ್ರೆಗೇ. ಕಾಟನ್ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಹುಡುಗರು ಆಟಕ್ಕೆ ಹಾಕುವಂಥ ಬಿಳಿ ಕ್ಯಾನ್ವಾಸ್ ಶೂ. ಕಂಕುಳಲ್ಲಿ ಒಂದು ಪುಟ್ಟ ದಿಂಬು. ಮೊದಲ ದಿನ ನೋಡಿದಾಗ, ಈ ಮೇಡಂ ರೌಂಡ್ಸ್‌ಗೆ ಬಂದಿದ್ದಾರೋ ನಿದ್ದೆ ಮಾಡಲು ಜಾಗ ಹುಡುಕುತ್ತಿದ್ದಾರೋ ಎಂದುಕೊಂಡೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಓದ್ತಿದೀಯಮ್ಮ?" ಎಂದರು. ಬಿಎಸ್ಸಿ ಎಂದೆ. "ಮನೇಲಿ ಯಾರ್ ಓದಿದಾರೆ?" ಯಾರೂ ಇಲ್ಲ ಎಂದೆ. ನನ್ನ ದನಿ ಸಣ್ಣಗಾಗಿದ್ದಿರಬೇಕು. "ಅದನ್ನ ಯಾಕಷ್ಟು ಮೆತ್ತಗೆ ಹೇಳ್ತೀಯಾ? ನಮ್ಮನೇಲಿ ಮೂರು ತಲೆಮಾರು ಓದಿದಾರೆ, ಒಬ್ಬರಿಗೂ ಒಂದು ಬಲ್ಬ್ ಬದಲಾಯಿಸೋಕೆ ಬರಲ್ಲ. ಬಾ ಗ್ರಾಜುಯೇಟ್, ಈ ದಿಂಬು ಹಿಡ್ಕೋ." ಅವತ್ತಿನಿಂದ ಅವರ ಬಾಯಲ್ಲಿ ನನ್ನ ಹೆಸರು ಗ್ರಾಜುಯೇಟ್. ಪಾಸಾಗುವುದಕ್ಕೆ ಎಷ್ಟೋ ಮೊದಲೇ.

ಅವರಿಗೆ ಆಗದಿದ್ದ ಒಂದು ಮಾತಿತ್ತು. ಪರವಾಗಿಲ್ಲ.

ನಮ್ಮ ಕಡೆಯವರಿಗೆ ಅದು ಎಲ್ಲದಕ್ಕೂ ಆಗುತ್ತದೆ. ಕಾಫಿ ಹೇಗಿದೆ ಅಂದರೆ ಪರವಾಗಿಲ್ಲ. ಅಳಿಯ ಹೇಗೆ ಅಂದರೆ ಪರವಾಗಿಲ್ಲ. ಬಸ್ಸಿನಲ್ಲಿ ಕಾಲು ತುಳಿದವರಿಗೂ ಪರವಾಗಿಲ್ಲ. ಹೊಟ್ಟೆ ಕೊಯ್ಸಿಕೊಂಡು ಮಲಗಿದವರನ್ನು ಸರ್ಜನ್ ಬಂದು "ಹೇಗಿದೀರಾ? ನೋವಿದ್ಯಾ?" ಎಂದು ಕೇಳಿದರೆ ಆಗಲೂ ಅದೇ. "ಪರವಾಗಿಲ್ಲ ಸಾರ್." ಸರ್ಜನ್ ಮುಂದಿನ ಮಂಚಕ್ಕೆ ಹೋಗುತ್ತಿದ್ದರು, ನೋವಿಲ್ಲ ಎಂದು ನಾವು ಬರೆದುಕೊಳ್ಳುತ್ತಿದ್ದೆವು. ಡಾಕ್ಟ್ರಮ್ಮ ಮಾತ್ರ ಅಲ್ಲೇ ನಿಂತುಬಿಡುತ್ತಿದ್ದರು. "ಅದು ಉತ್ತರ ಅಲ್ಲ ಕಣ್ರಮ್ಮ, ಮರ್ಯಾದೆ," ಎಂದು ನಮಗೆ ಹೇಳುತ್ತಿದ್ದರು. "ಇಷ್ಟು ದೊಡ್ಡ ಡಾಕ್ಟ್ರು ಬಂದು ಕೇಳಿದಾರಲ್ಲ, ಅವರಿಗೆ ಯಾಕೆ ಬೇಜಾರು ಮಾಡೋದು ಅಂತ. ಮರ್ಯಾದೇನ ಹೋಗಿ ಕೇಸ್ ಶೀಟಲ್ಲಿ ಬರೀತೀರಲ್ಲ!"

ಅವರು ಬಹಳ ವರ್ಷ ಅಮೆರಿಕದಲ್ಲಿ ಕೆಲಸ ಮಾಡಿದ್ದರು. ಅದಕ್ಕೂ ಮೊದಲು ಸ್ವಲ್ಪ ಕಾಲ ಸ್ವೀಡನ್ನಿನಲ್ಲಿ ಇದ್ದರು. ಊರು ಸುತ್ತಿದ ಕಥೆ ಹೇಳುವುದು ಅವರಿಗೆ ಇಷ್ಟವಿರಲಿಲ್ಲ. ಹಿಮ ಹೇಗಿರತ್ತೆ ಮೇಡಂ ಎಂದರೆ "ತಣ್ಣಗಿರತ್ತೆ" ಎಂದು ಮುಗಿಸುತ್ತಿದ್ದರು. ಆದರೆ ಒಂದು ವಿಷಯ ತೆಗೆದರೆ ಮಾತು ನಿಲ್ಲುತ್ತಿರಲಿಲ್ಲ. ಮಧ್ಯಾಹ್ನ ಬೇಕರಿಯ ಖಾರ ಬನ್ ಮುರಿಯುತ್ತಾ ಹೇಳುತ್ತಿದ್ದರು: "ಹೊಟ್ಟೆ ಅದೇ, ಕತ್ತರಿ ಅದೇ, ಹೊಲಿಗೆ ಅದೇ. ಮನೆಗೆ ಹೋಗುವಾಗ ಕೊಡೋ ಚೀಲ ಮಾತ್ರ ಊರೂರಿಗೆ ಬೇರೆ. ಅಮೆರಿಕದಲ್ಲಿ ಕೈತುಂಬ ಮಾತ್ರೆ. ಸ್ವೀಡನ್ನಲ್ಲಿ ಒಂದಿಷ್ಟು ಮಾತ್ರೆ, ಜಾಸ್ತಿ ಬುದ್ಧಿಮಾತು. ನಮ್ಮಲ್ಲಿ ಕೈತುಂಬ ಧೈರ್ಯ."

ಮಾತ್ರೆ ಎಂದರೆ ಅವರು ಹೇಳುತ್ತಿದ್ದುದು ಅಫೀಮಿನ ಜಾತಿಗೆ ಸೇರಿದ, ನೋವು ಕೊಲ್ಲುವ ಗಟ್ಟಿ ಮಾತ್ರೆಗಳನ್ನು. ಅಮೆರಿಕದಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರಿಗೆ ಮಂಡಿ ಆಪರೇಷನ್ ಆಯಿತು. ಮನೆಗೆ ಹೋಗುವಾಗ ಒಂದು ಬಾಟಲಿ ತುಂಬ ಕೊಟ್ಟರಂತೆ. ಮುಗಿದಾಗ ಇನ್ನೊಂದು. ನೋವು ಹೋದ ಮೇಲೂ ಅವರಿಗೆ ಆ ಮಾತ್ರೆ ಬೇಕಾಯಿತು. ಕೆಲಸ ಹೋಯಿತು, ಸಂಸಾರ ಹೋಯಿತು. "ಮಂಡಿ ವಾಸಿಯಾಯ್ತು. ಮಾತ್ರೆ ವಾಸಿಯಾಗ್ಲಿಲ್ಲ," ಎಂದು ಡಾಕ್ಟ್ರಮ್ಮ ಬನ್ನಿನ ಉಳಿದ ಚೂರನ್ನು ಕಾಗದದಲ್ಲಿ ಸುತ್ತಿಟ್ಟರು. ಅವತ್ತು ಅದನ್ನು ತಿನ್ನಲಿಲ್ಲ.

ಅಲ್ಲಿಂದ ಬೇಸತ್ತು ಇಲ್ಲಿಗೆ ಬಂದರೆ ಇಲ್ಲಿ ಕಂಡದ್ದು ಬೀಗ. ಅದೇ ಜಾತಿಯ ಮಾರ್ಫಿನ್ ಇದ್ದದ್ದು ಆಪರೇಷನ್ ಥಿಯೇಟರಿನ ಒಂದು ಕಪಾಟಿನಲ್ಲಿ. ಅದಕ್ಕೆ ಪರವಾನಗಿ, ಸಹಿ, ಬೀಗದ ಕೈ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದಾರೆ ಎಂಬ ಉತ್ತರ. ವಾರ್ಡಿಗೆ ಬಂದ ರೋಗಿಗೆ ಜ್ವರಕ್ಕೆ ಕೊಡುವ ಮಾತ್ರೆ ಮತ್ತು "ಸ್ವಲ್ಪ ತಡ್ಕೊಳಿ". ಒಬ್ಬ ಸರ್ಜನ್ ಇವರಿಗೆ ಬುದ್ಧಿ ಹೇಳಲು ಬಂದರು. "ಮೇಡಂ, ನಮ್ ಜನ ಗಟ್ಟಿ. ಇದನ್ನೆಲ್ಲ ಕೊಟ್ರೆ ಚಟ ಹಿಡಿಯತ್ತೆ." ಡಾಕ್ಟ್ರಮ್ಮ ಕೈಮುಗಿದರು. ಅವರು ಕೈಮುಗಿದರೆ ಜಗಳ ಶುರು ಎಂದು ನಮಗೆಲ್ಲ ಗೊತ್ತಿತ್ತು. "ಸ್ವಾಮೀ, ಹೊಟ್ಟೆ ಹರಿದ ಎರಡನೇ ದಿನಕ್ಕೆ ಯಾರಿಗೂ ಚಟ ಹಿಡಿಯಲ್ಲ, ಕಫ ಹಿಡಿಯತ್ತೆ. ಅಲ್ಲಿಯವರು ಮನೇಗೆ ಕಟ್ಕೊಟ್ಟು ಕೆಟ್ರು ಅಂತ ನೀವು ಆಸ್ಪತ್ರೇಲೂ ಕೊಡದೆ ಕೆಡ್ತೀರಾ?" ಬೀಗದ ಕೈ ಸದಾ ವಾರ್ಡಿನ ಆಸುಪಾಸಿನಲ್ಲೇ ಒಬ್ಬರ ಹತ್ತಿರ ಇರಬೇಕೆಂದು ಅವರು ಹಟ ಹಿಡಿದು ಗೆದ್ದರು. ಆ ಸರ್ಜನ್ ಜೊತೆ ಬಹಳ ಕಾಲ ಮಾತು ಬಿಟ್ಟಿದ್ದರು. ಅದನ್ನು ನಾನು ಒಳ್ಳೆಯ ಗುಣ ಎನ್ನುವುದಿಲ್ಲ.

ಅವರೂ ಎಡವಿದ್ದುಂಟು. ಬಂದ ಹೊಸದರಲ್ಲಿ ಅಲ್ಲಿಯ ಪದ್ಧತಿಯಂತೆ ರೋಗಿಗಳಿಗೆ ನೋವಿಗೆ ಅಂಕ ಕೊಡಲು ಹೇಳುತ್ತಿದ್ದರಂತೆ. ಸೊನ್ನೆ ಅಂದರೆ ನೋವೇ ಇಲ್ಲ, ಹತ್ತು ಅಂದರೆ ತಡೆಯಲಾರದ ನೋವು. ಶ್ರೀನಗರದ ಒಬ್ಬ ಅಜ್ಜಿ, ನಿವೃತ್ತ ಮೇಷ್ಟ್ರ ಹೆಂಡತಿ, ಗರ್ಭಕೋಶ ತೆಗೆಸಿಕೊಂಡು ಮಲಗಿದ್ದರು. "ಅಜ್ಜಿ, ಹತ್ತಕ್ಕೆ ಎಷ್ಟು ಕೊಡ್ತೀರಾ?" ಎಂದು ಕೇಳಿದರೆ ಅಜ್ಜಿ ಮುಖ ಅರಳಿಸಿ "ಹತ್ತಕ್ಕೆ ಹತ್ತು!" ಎಂದರು. ಡಾಕ್ಟ್ರಮ್ಮ ಗಾಬರಿಯಾಗಿ ಇನ್ನೊಂದಿಷ್ಟು ಔಷಧಿ ಕೊಡಿಸಿದರು. ಮತ್ತೆ ಕೇಳಿದರೆ ಮತ್ತೆ ಹತ್ತಕ್ಕೆ ಹತ್ತು. ಇನ್ನೊಂದಿಷ್ಟು. ಅಜ್ಜಿ ತೂಕಡಿಸುತ್ತಾ ತೂಕಡಿಸುತ್ತಾ ಮಲಗಿದವರು ಕರೆದರೂ ಏಳದಂತಾದರು. ಅವರ ಉಸಿರು ನೋಡುತ್ತಾ ಡಾಕ್ಟ್ರಮ್ಮ ಪಕ್ಕದಲ್ಲೇ ಕೂತರು. ಸಂಜೆ ಕಣ್ಣು ಬಿಟ್ಟ ಅಜ್ಜಿ, "ನೀವು ಅಷ್ಟು ಚೆನ್ನಾಗಿ ನೋಡ್ಕೊಂಡಿರಿ, ಅದಕ್ಕೇ ಪೂರ್ತಿ ಮಾರ್ಕ್ಸ್ ಕೊಟ್ಟೆ ಕಣಮ್ಮ" ಎಂದರು! ಡಾಕ್ಟ್ರಮ್ಮ ಅಜ್ಜಿಯ ಮಗಳ ಮುಂದೆ ನಿಂತು, ತಪ್ಪು ನನ್ನದು ಎಂದು ಬಾಯಿಬಿಟ್ಟು ಹೇಳಿದರು. ಆಮೇಲೆ ವಾರ್ಡಿನ ಗೋಡೆಗೆ ತಾವೇ ಅಂಟಿಸಿದ್ದ ಅಂಕದ ಪಟ್ಟಿಯನ್ನು ಕಿತ್ತು ಹಾಕಿದರು. ಈ ಕಥೆಯನ್ನು ಹೊಸದಾಗಿ ಬಂದ ಪ್ರತಿ ಹುಡುಗಿಗೂ ಅವರೇ ಹೇಳುತ್ತಿದ್ದರು, ತಮ್ಮ ಮೇಲೆ ತಾವೇ ನಗುತ್ತಾ.

ಅಂಕ ಹೋಗಿ ಬಂದದ್ದೇ ಕೆಮ್ಮು. ನೋವಿದೆಯಾ ಎಂದು ಕೇಳುವುದನ್ನೇ ಬಿಟ್ಟುಬಿಟ್ಟರು. ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು, "ಎಲ್ಲಿ, ಒಂದ್ಸಲ ಕೆಮ್ಮಿ ತೋರ್ಸಿ" ಅನ್ನುತ್ತಿದ್ದರು. ಬಾಯಿ ಸುಳ್ಳು ಹೇಳಬಹುದು, ಹೊಟ್ಟೆ ಹೇಳುವುದಿಲ್ಲ. ಚೆನ್ನಾಗಿ ಕೆಮ್ಮಿದರೆ ನೋವು ಹಿಡಿತದಲ್ಲಿದೆ. ಕೆಮ್ಮಲು ಹೋಗಿ ನಿಲ್ಲಿಸಿದರೆ, ಮುಖ ಕಿವುಚಿದರೆ, ಔಷಧಿ ಸಾಲದು. ನೋವಿಗೆ ಹೆದರಿ ಕೆಮ್ಮದವರ ಎದೆಯಲ್ಲಿ ಕಫ ಕೂತು ಜ್ವರ ಬರುತ್ತದೆ. ಆಪರೇಷನ್ ಗೆದ್ದವರು ಅಲ್ಲಿ ಸೋಲುತ್ತಾರೆ. ಕಂಕುಳಿನ ದಿಂಬು ಇದಕ್ಕಾಗಿಯೇ. ಅದನ್ನು ಗಾಯದ ಮೇಲೆ ಒತ್ತಿ ತಬ್ಬಿಕೊಂಡರೆ ಕೆಮ್ಮುವಾಗ ಹೊಲಿಗೆ ಎಳೆಯುವುದಿಲ್ಲ. ದಿಂಬಿನ ಗವಸು ಅವರ ತಾಯಿಯ ಹಳೆಯ ಸೀರೆಗಳದ್ದು. ಒಬ್ಬೊಬ್ಬ ರೋಗಿಗೂ ಬೇರೆ ಗವಸು, ಕುದಿಸಿ ಒಗೆದದ್ದು. ಕೆಮ್ಮು ಡಾಕ್ಟ್ರಮ್ಮ ಎಂಬ ಹೆಸರು ರೋಗಿಗಳೇ ಇಟ್ಟದ್ದು. ಅದು ಗೊತ್ತಾದ ಮೇಲೆ ಅವರು ವಾರ್ಡಿನ ಬಾಗಿಲಲ್ಲಿ ತಾವೇ ಒಮ್ಮೆ ಕೆಮ್ಮಿ ಒಳಗೆ ಬರುತ್ತಿದ್ದರು.

ಮನೆಗೆ ಹೊರಟವರ ವಿಷಯದಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯರು. ಬಿಟಿಎಂ ಲೇಔಟಿನ ಒಬ್ಬ ಹೆಂಗಸು, ಹೊರದೇಶದಲ್ಲಿದ್ದು ಬಂದವರು, ತನ್ನ ಗಂಡನಿಗೆ ಅಲ್ಲಿ ಕೊಡುವಂಥದೇ ಮಾತ್ರೆ ಬರೆದುಕೊಡಿ ಎಂದು ಪಟ್ಟು ಹಿಡಿದರು. "ಅಲ್ಲೆಲ್ಲಾ ಕೇಳದೇನೇ ಕೊಡ್ತಾರೆ ಮೇಡಂ. ನೀವು ಹಳೇ ಕಾಲದೋರು." ಡಾಕ್ಟ್ರಮ್ಮ ಸಮಾಧಾನವಾಗಿಯೇ ಹೇಳಿದರು: "ಹೌದಮ್ಮ. ಇಲ್ಲಿ ಇರೋವರೆಗೂ ನಾನು ಧಾರಾಳಿ. ಗೇಟು ದಾಟಿದ ಮೇಲೆ ಮಹಾ ಜಿಪುಣಿ."

ನಾನು ಕೊನೆಯ ವರ್ಷದಲ್ಲಿದ್ದಾಗ ದೊಡ್ಡಪ್ಪನ ಕರುಳು ತಿರುಚಿಕೊಂಡಿತು. ಅದೇ ಆಸ್ಪತ್ರೆಗೆ ತಂದೆವು. ತುರ್ತಾಗಿ ಹೊಟ್ಟೆ ತೆರೆದರು. ಎದೆಯ ಕೆಳಗಿನಿಂದ ಹೊಕ್ಕುಳ ದಾಟುವ ಉದ್ದದ ಗಾಯ. ಡಾಕ್ಟ್ರಮ್ಮ ಆಗ ರಜೆಯಲ್ಲಿದ್ದರು. ನನ್ನ ಕೊನೆಯ ಪರೀಕ್ಷೆಗಳು ಅದೇ ವಾರ ಶುರುವಾಗುವುದಿತ್ತು. ದೊಡ್ಡಪ್ಪ ಎದ್ದು ಕೂರುವ ತನಕ ನಾನು ಪರೀಕ್ಷೆಗೆ ಹೋಗುವುದಿಲ್ಲ ಎಂದು ಅವ್ವನಿಗೆ ಹೇಳಿದ್ದೆ. ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದ ದೊಡ್ಡಪ್ಪ ಅದನ್ನು ಕೇಳಿಸಿಕೊಂಡಿದ್ದರು ಎಂದು ನನಗೆ ಗೊತ್ತಿರಲಿಲ್ಲ.

ಅಂದಿನಿಂದ ಯಾರು ಬಂದು ಕೇಳಿದರೂ "ಪರವಾಗಿಲ್ಲ ಬುಡಿ". ಸರ್ಜನ್‌ಗೆ ಪರವಾಗಿಲ್ಲ, ಸಿಸ್ಟರಿಗೆ ಪರವಾಗಿಲ್ಲ, ನನಗಂತೂ ಬೈಗುಳದ ಜೊತೆ ಪರವಾಗಿಲ್ಲ. "ಕಾಲಿಗೆ ಮೊಳೆ ಹೊಕ್ಕಿದ್ರೆ ಸೀಮೆಣ್ಣೆ ಸುರ್ಕೊಂಡು ಹಲಗೆ ಹೊಡ್ದೋನು ನಾನು. ಹೋಗಿ ಓದ್ಕೋ." ಗಟ್ಟಿ ಔಷಧಿ ಬೇಕೆಂದು ಕೇಳದವರಿಗೆ ಯಾರೂ ಕೊಡಲಿಲ್ಲ. ನಾನು ಕೊಡಿ ಎಂದರೆ, ರೋಗಿಯೇ ಬೇಡ ಅನ್ನುತ್ತಿದ್ದಾರಲ್ಲ ಎಂದರು. ಉಸಿರು ಮೇಲೆ ಮೇಲೆ ಆಡತೊಡಗಿತು. ಜ್ವರ ಏರಿತು. ಥರ್ಮಾಮೀಟರ್ ತೆಗೆದು ನೋಡುತ್ತಿದ್ದ ನನ್ನನ್ನು ದೊಡ್ಡಪ್ಪ ಕೇಳಿದರು: "ಬಂತಾ ಡಿಗ್ರಿ? ನಾನ್ ಹೇಳ್ಲಿಲ್ವಾ, ನಮ್ಮನೇಗೆ ಬರೋದು ಇದೊಂದೇ ಅಂತ." ನಗಲು ಹೋದರು. ನಗು ಅರ್ಧಕ್ಕೇ ನಿಂತು ಮುಖ ಗೋಡೆಯ ಕಡೆ ತಿರುಗಿತು.

ಮರುದಿನ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಕೆಮ್ಮಿದ ಸದ್ದು. ಡಾಕ್ಟ್ರಮ್ಮ ರಜೆ ಮುಗಿಸಿ ಬಂದಿದ್ದರು. ನನ್ನ ಮುಖ ನೋಡಿದವರೇ ನೇರ ದೊಡ್ಡಪ್ಪನ ಹತ್ತಿರ ಹೋಗಿ ಸ್ಟೂಲ್ ಎಳೆದುಕೊಂಡರು.

"ಯಜಮಾನ್ರೇ, ಎಲ್ಲಿ, ಒಂದ್ಸಲ ಕೆಮ್ಮಿ."

"ನಂಗೆ ಕೆಮ್ಮಿಲ್ಲ ತಾಯಿ."

"ಇಲ್ದೇ ಇದ್ರೆ ಬರ್ಸ್ಕೊಳಿ."

ದೊಡ್ಡಪ್ಪ ಗಂಟಲಲ್ಲೇ "ಹ್ಮ್" ಎಂದರು.

"ಇದು ಕೆಮ್ಮಲ್ಲ. ಬೀಗರ ಮನೆ ಬಾಗಿಲಲ್ಲಿ ನಿಂತು ಮಾಡೋ ಸದ್ದು. ಸರಿಯಾಗಿ ಕೆಮ್ಮಿ."

ದೊಡ್ಡಪ್ಪ ಉಸಿರು ಎಳೆದುಕೊಂಡರು, ಅಲ್ಲೇ ಹಿಡಿದರು, ಬಿಟ್ಟುಬಿಟ್ಟರು. ಹಣೆಯ ಮೇಲೆ ಬೆವರು. "ಪರವಾಗಿಲ್ಲ," ಎಂದರು.

ಡಾಕ್ಟ್ರಮ್ಮ ಅವರ ಹೊಟ್ಟೆಯ ಪಕ್ಕ ಮೆತ್ತಗೆ ಕೈಯಿಟ್ಟು ಕೇಳಿದರು: "ಇದನ್ನ ಯಾರಿಗೋಸ್ಕರ ಹೇಳ್ತಿದೀರಿ?"

ದೊಡ್ಡಪ್ಪ ನನ್ನ ಕಡೆ ನೋಡಿ, "ಈ ಹುಡ್ಗಿ ಆಚಿಗೋಗ್ಲಿ" ಎಂದರು. ನಾನು ಪರದೆಯ ಆಚೆ ಹೋದೆ. ಪರದೆ ಬಟ್ಟೆಯದು. ಎಲ್ಲವೂ ಕೇಳಿಸಿತು.

"ನೋವು ಅಂದ್ರೆ ಇವ್ಳು ಪರೀಕ್ಸೆ ಬುಟ್ಟು ಇಲ್ಲೇ ಕೂತ್ಕತಾಳೆ ತಾಯಿ. ಮೊದ್ಲೇ ನಾನು ಆಗಲ್ಲ ಅಂತ ಬಾಯಿ ಹಾಕಿದೀನಿ. ಈಗ ನನ್ನಿಂದ್ಲೇ ಆಗ್ದೇ ಹೋದ್ರೆ, ನನ್ ತಮ್ಮನಿಗೆ ಮೇಲೋಗಿ ಯಾವ ಮುಖ ತೋರ್ಸ್ಲಿ?"

ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದ ಸದ್ದು. ಆಮೇಲೆ ಡಾಕ್ಟ್ರಮ್ಮನ ದನಿ: "ಹಾಗಿದ್ರೆ ಕೇಳಿ. ನೀವು ಕೆಮ್ಮದೇ ಇದ್ರೆ ಎದೆ ಕಟ್ಟತ್ತೆ. ಎದೆ ಕಟ್ಟಿದ್ರೆ ನಿಮ್ಮನ್ನ ಐಸಿಯುಗೆ ಹಾಕ್ತೀವಿ. ಐಸಿಯುಗೆ ಹಾಕಿದ್ರೆ ಅವಳು ಪರೀಕ್ಷೆಗೆ ಹೋಗ್ತಾಳಾ? ಈಗ ಹೇಳಿ, ನೋವು ಹೇಗಿದೆ?"

"ಸೆಂಟ್ರಿಂಗ್ ಪೂರ್ತಿ ಕುಸ್ದು ಮೈಮೇಲೆ ಬಿದ್ದಂಗೈತೆ ತಾಯಿ. ಉಸ್ರು ಎಳ್ಕಳಾಕೆ ಆಗಲ್ಲ."

ನಾನು ಪರದೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಹುಟ್ಟಿದಾಗಿನಿಂದ ಆ ಮನುಷ್ಯನ ಬಾಯಲ್ಲಿ ನೋವಿನ ಮಾತನ್ನು ನಾನು ಕೇಳಿರಲಿಲ್ಲ.

ಡಾಕ್ಟ್ರಮ್ಮ ಹೊಟ್ಟೆಯ ಎರಡೂ ಬದಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಮಾರ್ಫಿನ್ ತರಿಸಿ ಚೂರುಚೂರೇ ಕೊಟ್ಟರು, ಪ್ರತಿ ಸಲವೂ ಉಸಿರು ನೋಡುತ್ತಾ. ಬೆಳಗಿನ ಅರ್ಧ ಹೊತ್ತು ಆ ಸ್ಟೂಲ್ ಬಿಟ್ಟು ಏಳಲಿಲ್ಲ. ಆಮೇಲೆ ದಿಂಬನ್ನು ದೊಡ್ಡಪ್ಪನ ಕೈಗೆ ಕೊಟ್ಟರು. ಹಸಿರು ಚೌಕಳಿಯ ಗವಸು. ಸಿಮೆಂಟಿನಲ್ಲಿ ಒಡೆದ ಆ ದೊಡ್ಡ ಕೈಗಳು ದಿಂಬನ್ನು ಎಳೆಗೂಸಿನಂತೆ ತಬ್ಬಿಕೊಂಡವು. ದೊಡ್ಡಪ್ಪ ಕೆಮ್ಮಿದರು. ಇಡೀ ವಾರ್ಡು ತಿರುಗಿ ನೋಡುವಂಥ ಕೆಮ್ಮು. ಪಕ್ಕದ ಮಂಚದವರು "ಭೇಷ್!" ಎಂದರು.

"ಹೋಗಮ್ಮ ಗ್ರಾಜುಯೇಟ್," ಎಂದು ಡಾಕ್ಟ್ರಮ್ಮ ನನ್ನ ಕಡೆ ತಿರುಗಿದರು. "ಕೆಮ್ಮೋದು ಅವರ ಕೆಲಸ. ಬರೆಯೋದು ನಿನ್ನ ಕೆಲಸ."

ನಾನು ಪೂರ್ತಿ ನಂಬಲಿಲ್ಲ ಎಂದು ಅವರಿಗೆ ತಿಳಿದಿರಬೇಕು. ಮೊದಲ ಪರೀಕ್ಷೆಯ ದಿನ ಕೊಠಡಿಯ ಹೊರಗೆ ಫೋನ್ ಇಟ್ಟು ಒಳಗೆ ಹೋಗುವ ಮೊದಲು ಒಂದು ವಾಯ್ಸ್ ಮೆಸೇಜ್ ಬಂತು. ಕಿವಿಗೆ ಹಿಡಿದರೆ ಮೊದಲು ದೊಡ್ಡಪ್ಪನ ಕೆಮ್ಮು, ಗಟ್ಟಿಯಾಗಿ ಎರಡು ಸಲ. ಆಮೇಲೆ ಡಾಕ್ಟ್ರಮ್ಮ: "ಕೇಳಿಸ್ತಾ? ಹೋಗು ಒಳಗೆ." ಪ್ರತಿ ಪರೀಕ್ಷೆಯ ದಿನವೂ ಒಂದು ಕೆಮ್ಮು ಬಂತು. ಮಿಕ್ಕವರು ದೇವರಿಗೆ ಕೈಮುಗಿದು ಒಳಗೆ ಹೋಗುತ್ತಿದ್ದರು, ನಾನು ಕೆಮ್ಮು ಕೇಳಿಕೊಂಡು ಹೋಗುತ್ತಿದ್ದೆ.

ಡಿಸ್‌ಚಾರ್ಜ್ ದಿನ ದೊಡ್ಡಪ್ಪ ಡಾಕ್ಟ್ರಮ್ಮನ ಹತ್ತಿರ ಗುಟ್ಟಾಗಿ ಕೇಳಿದರು: "ತಾಯಿ, ಆ ಔಸ್ದಿ ಒಂದಿಷ್ಟು ಕಟ್ಕೊಡಿ. ಮೈಯೆಲ್ಲಾ ಹಗೂರಾಗಿ ಸುಖವಾಗಿ ನಿದ್ದೆ ಬತ್ತಿತ್ತು."

"ಅದಕ್ಕೇ ಕೊಡಲ್ಲ," ಎಂದರು ಡಾಕ್ಟ್ರಮ್ಮ. "ನೋವಿಗೆ ಕೊಡೋದು ಯಜಮಾನ್ರೇ, ಸುಖಕ್ಕಲ್ಲ. ಬೇಕಾದ್ರೆ ದಿಂಬು ತಗೊಂಡ್ ಹೋಗಿ."

ದೊಡ್ಡಪ್ಪ ನಿಜವಾಗಿಯೂ ತೆಗೆದುಕೊಂಡು ಹೋದರು. ಅದು ಈಗಲೂ ನಮ್ಮ ಮನೆಯಲ್ಲಿದೆ.

ನಾನು ಪಾಸಾಗಿ ಅದೇ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಘಟಿಕೋತ್ಸವದ ದಿನ ನನಗೆ ಡ್ಯೂಟಿ ಇತ್ತು. ಆಮೇಲೊಂದು ದಿನ ಕಾಲೇಜಿನ ಆಫೀಸಿನಲ್ಲಿ ಸಹಿ ಮಾಡಿ ಸರ್ಟಿಫಿಕೇಟ್ ತೆಗೆದುಕೊಂಡು, ಕವರಿನಲ್ಲಿ ಹಾಕಿಕೊಂಡು ನೇರ ಡ್ಯೂಟಿಗೆ ಬಂದೆ. ಡಾಕ್ಟ್ರಮ್ಮ ನೋಡಿದರು. "ಏನಿದು, ಕರೆಂಟ್ ಬಿಲ್ ಇದ್ದಂಗೆ ಕಂಕುಳಲ್ಲಿ ಇಟ್ಕೊಂಡ್ ಬಂದಿದೀಯಾ?" ಎಂದು ಕಿತ್ತುಕೊಂಡು ತಮ್ಮ ಕೋಣೆಯಲ್ಲಿ ಇಟ್ಟುಕೊಂಡರು. "ನಿಮ್ ದೊಡ್ಡಪ್ಪನ್ನ ಕರ್ಸು. ಅಲ್ಲೀವರೆಗೂ ಕೊಡಲ್ಲ."

ಮರುದಿನ ಮಧ್ಯಾಹ್ನ ದೊಡ್ಡಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದರು. ವಾರ್ಡಿನ ನಡುವೆ, ಅವರು ಮಲಗಿದ್ದ ಮಂಚದ ಹತ್ತಿರವೇ, ಡಾಕ್ಟ್ರಮ್ಮ ನಮ್ಮನ್ನು ನಿಲ್ಲಿಸಿದರು. ಸೊಂಟಕ್ಕೆ ಸಿಕ್ಕಿಸಿದ್ದ ಸೆರಗನ್ನು ಬಿಡಿಸಿ ಹೆಗಲ ಮೇಲೆ ಸರಿಯಾಗಿ ಹೊದ್ದುಕೊಂಡರು. ಅವರು ಹಾಗೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಸರ್ಟಿಫಿಕೇಟಿನ ಮೇಲಿದ್ದ ನನ್ನ ಹೆಸರನ್ನು ಕನ್ನಡಕ ಏರಿಸಿಕೊಂಡು ದೊಡ್ಡದಾಗಿ, ಪೂರ್ತಿಯಾಗಿ ಓದಿದರು. ನನ್ನ ಹೆಸರು ಅವರ ಬಾಯಲ್ಲಿ ಬಂದದ್ದೂ ಅದೊಂದೇ ಸಲ. ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ನಾನು ದೊಡ್ಡಪ್ಪನಿಗೆ ಕೊಟ್ಟೆ.

ದೊಡ್ಡಪ್ಪ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡು ತೆಗೆದುಕೊಂಡರು. ಕನ್ನಡದ ಅಕ್ಷರಗಳ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತಾ ಹೋದರು. ಓದಿ ಮುಗಿದರೂ ತಲೆಯೆತ್ತಲಿಲ್ಲ.

"ಹೇಗಿದೆ ಯಜಮಾನ್ರೇ?" ಎಂದರು ಡಾಕ್ಟ್ರಮ್ಮ.

"ಪರ್ವಾ..." ಎಂದವರು ನಾಲಿಗೆ ಕಚ್ಚಿಕೊಂಡರು. ಸುತ್ತ ನಿಂತಿದ್ದ ಸಿಸ್ಟರುಗಳೆಲ್ಲ ನಕ್ಕರು. ದೊಡ್ಡಪ್ಪ ಸರ್ಟಿಫಿಕೇಟನ್ನು ಹೊಟ್ಟೆಗೆ, ಆ ಗಾಯದ ಮೇಲೆ ಒತ್ತಿ ಹಿಡಿದುಕೊಂಡು ಒಮ್ಮೆ ಕೆಮ್ಮಿದರು. ಆಮೇಲೆ ನನ್ನನ್ನು ನೋಡಿ ಹೇಳಿದರು:

"ಜ್ವರ ಇಲ್ದಂಗೇ ಬಂದ್ಬುಡ್ತಲ್ಲಮ್ಮಿ ಡಿಗ್ರಿ, ನಮ್ಮನೇಗೆ!"